ಸುಮ್ಮನಿದ್ದವರ ಸರದಿ

ಜೂನ್ 3

ಪ್ರೀತಿಯ ಮೇಡಂ,

ಕ್ಷೇಮವಾಗಿ ತಲುಪಿದೆ. ರೂಮು ಸಿಕ್ಕಿದೆ. ಹಾಸಿಗೆ ಹಲಗೆಯಷ್ಟು ಗಟ್ಟಿ, ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ. ಇಂಟರ್ನ್‌ಶಿಪ್ ಮುಗಿಯುವವರೆಗೂ ಮೆಸೇಜು ಕೂಡದು, ಕೈಯಲ್ಲೇ ಕಾಗದ ಬರೆಯಬೇಕು, ಬರೆಯುವಾಗ ಮನಸ್ಸು ತಾನಾಗಿ ನಿಧಾನವಾಗುತ್ತದೆ ಎಂದು ನೀವು ಹೇಳಿದಾಗ ಇಡೀ ಕ್ಲಾಸು ಗೊಣಗಿತ್ತು. ನಾನೂ ಗೊಣಗಿದ್ದೆ, ನಿಮಗೆ ಕೇಳಿಸಲಿಲ್ಲ ಅಷ್ಟೆ. ನನಗೆ ‘ಪಿಸುಮಾತು’ ಎಂದು ಹೆಸರಿಟ್ಟವರು ನೀವೇ ತಾನೆ?

ಎಲ್ಲರಿಗೂ ಆಸ್ಪತ್ರೆ, ಶಾಲೆ, ಹೋಟೆಲು ಸಿಕ್ಕಿ ನನಗೊಬ್ಬಳಿಗೆ ಲಿಫ್ಟ್ ಕಂಪನಿ ಸಿಕ್ಕಿತೆಂದು ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ಮನಶ್ಶಾಸ್ತ್ರ ಓದಿದೋಳು ಲಿಫ್ಟಿಗೆ ಏನು ಬುದ್ಧಿ ಹೇಳ್ತೀಯೇ?” ಎಂದು. ಈಗ ಕೇಳಿ. ಊರಿನಲ್ಲಿ ಈ ಕಂಪನಿಯ ಲಿಫ್ಟು ಎಲ್ಲಿ ಕೆಟ್ಟು ನಿಂತರೂ ಒಳಗಿನವರು ಗಂಟೆಯ ಗುಂಡಿ ಒತ್ತಿದರೆ ಕರೆ ನೇರ ನಮ್ಮ ರೂಮಿಗೆ ಬರುತ್ತದೆ. ನೆಲಮಾಳಿಗೆಯ ರೂಮು, ಕಿಟಕಿಯಿಲ್ಲ, ಆರು ಮೇಜು, ಆರು ಹೆಡ್‌ಫೋನು. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವವರೆಗೂ ಸಿಕ್ಕಿಕೊಂಡವರ ಜೊತೆ ಮಾತಾಡುತ್ತಲೇ ಇರಬೇಕು. ಅದೇ ನನ್ನ ಕೆಲಸ.

ಕಲಿಸುತ್ತಿರುವವರು ಇಲ್ಲಿ ಎಲ್ಲರಿಗಿಂತ ಹಳಬರು. ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಇಡೀ ದಿನ ಕಿತ್ತಳೆ ಸುಲಿದು ತಿನ್ನುತ್ತಾರೆ, ಕರೆ ಬಂದ ಕ್ಷಣ ತೊಳೆ ದವಡೆಗೆ ಒತ್ತಿಕೊಂಡು ಜೇನಿನಂತೆ ಮಾತಾಡುತ್ತಾರೆ. “ನೋಡಮ್ಮ, ಇಲ್ಲಿ ಇರೋದು ಇಷ್ಟೇ. ಒಳಗಿದ್ದೋರು ಬೆವರಬಾರದು. ನೀನು ಬೆವರಿದ್ರೆ ಅವರಿಗೆ ಗೊತ್ತಾಗಬಾರದು” ಎಂದರು.

ಮೊದಲ ಕರೆ ನಿನ್ನೆ ಬಂತು. ಒಬ್ಬ ಹೆಂಗಸು ಕಿರುಚುತ್ತಿದ್ದರು. ನಾನು ಮಾತಾಡಿದೆ, ನನ್ನ ಮಾಮೂಲಿ ದನಿಯಲ್ಲೇ. ಆಗ ಒಂದು ಸಂಗತಿ ಗೊತ್ತಾಯಿತು ಮೇಡಂ: ನನ್ನ ದನಿ ಎಷ್ಟು ಸಣ್ಣದೆಂದರೆ, ಅದನ್ನು ಕೇಳಿಸಿಕೊಳ್ಳಬೇಕಾದರೆ ಅವರು ಕಿರುಚುವುದನ್ನು ನಿಲ್ಲಿಸಲೇಬೇಕು! ನಿಲ್ಲಿಸಿದರು. ಕೊನೆಗೆ ಅವರ ಮಗಳಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದೆಲ್ಲ ಹೇಳಿಕೊಂಡರು. ಜೀವನದಲ್ಲಿ ಮೊದಲ ಸಲ ನನ್ನ ಗಂಟಲು ಉಪಯೋಗಕ್ಕೆ ಬಂತು.

ನಿಮ್ಮ
ಪಿಸುಮಾತು


ಜೂನ್ 12

ಪ್ರೀತಿಯ ಪಿಸುಮಾತು,

ನಿನ್ನ ಕಾಗದ ಓದಿ ಉಸಿರು ಬಂತು ಕಣೇ. ಇಲ್ಲಿ ನನ್ನ ಪಾಡು ಕೇಳಬೇಡ. ಹೋಟೆಲಿಗೆ ಹಾಕಿದ ಮಹಾಶಯ ಗಿರಾಕಿಯ ಮುಂದೆ ಬೀಗದ ಕೈ ಎಸೆದು ಎದ್ದು ಬಂದಿದ್ದಾನೆ. ನಾನು ಹೋಗಿ ಆ ಮ್ಯಾನೇಜರನ ಕೈಕಾಲು ಹಿಡಿಯಬೇಕಾಯಿತು. ಮಕ್ಕಳ ಆಸ್ಪತ್ರೆಯಲ್ಲಿರುವ ಇಬ್ಬರು ಕಾಗದದ ನಿಯಮ ಗಾಳಿಗೆ ತೂರಿ ದಿನಾ ಫೋನಿನಲ್ಲೇ ಅಳುತ್ತಾರೆ. ಮೂವತ್ತು ಮಕ್ಕಳ ಇಂಟರ್ನ್‌ಶಿಪ್ಪು ಒಬ್ಬಳ ತಲೆ ಮೇಲೆ. ಇದನ್ನು ಶುರು ಮಾಡಿ ಎಂದು ಪ್ರಿನ್ಸಿಪಾಲರ ಹಿಂದೆ ಬಿದ್ದವಳೂ ನಾನೇ, ಯಾರನ್ನು ಬೈಯಲಿ?

ನೂರರಲ್ಲಿ ನಲವತ್ತು ಅಂಕ ಭಾವನಾತ್ಮಕ ಬುದ್ಧಿವಂತಿಕೆಗೆ, ಅಂದರೆ ನೀವೆಲ್ಲ ಹಿಂದಿನಿಂದ ‘ಭಾಬು’ ಎಂದು ಆಡಿಕೊಳ್ಳುವ ಆ ಕಾಲಮ್ಮಿಗೆ. (ನನಗೆ ಗೊತ್ತಿಲ್ಲ ಅಂದುಕೊಂಡಿರಾ?) ಎದುರಿನವರ ಮನಸ್ಸು ಓದುವುದು, ತನ್ನ ಮನಸ್ಸನ್ನು ಹಿಡಿತದಲ್ಲಿಡುವುದು. ನಿನ್ನಂಥವಳು ಇನ್ನೂ ನಾಲ್ಕು ಜನ ಇದ್ದಿದ್ದರೆ ನನ್ನ ಕೂದಲು ಇಷ್ಟು ಬೇಗ ಬೆಳ್ಳಗಾಗುತ್ತಿರಲಿಲ್ಲ. ಹೀಗೇ ಇರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮೇಡಂ


ಜೂನ್ 24

ಪ್ರೀತಿಯ ಮೇಡಂ,

ಭಾಬು ವಿಷಯ ನಿಮಗೆ ಗೊತ್ತಿತ್ತೆಂದು ತಿಳಿದು ನಾಚಿಕೆಯಾಯಿತು. ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ನಾನು ದೊಡ್ಡ ಮನುಷ್ಯಳಾಗಿಬಿಟ್ಟಿದ್ದೇನೆ. ಗೋಡೆಯ ಮೇಲೆ ‘ಈ ವಾರದ ತಂಪು ದನಿ’ ಎಂಬ ಬೋರ್ಡಿದೆ, ಎರಡು ವಾರದಿಂದ ಅದರ ಮೇಲೆ ನಾನೇ. ಮ್ಯಾನೇಜರು ಹಾದುಹೋಗುವಾಗ ಹೆಬ್ಬೆರಳು ತೋರಿಸುತ್ತಾರೆ. ಓದು ಮುಗಿದ ಮೇಲೆ ಇಲ್ಲೇ ಕೆಲಸ ಎಂದೂ ಹೇಳಿದ್ದಾರೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಅವರು ಅಕ್ಕಪಕ್ಕದವರಿಗೆಲ್ಲ ಡಂಗುರ ಸಾರಿ ಆಗಿದೆ.

ಆದರೆ ಒಂದು ವಿಷಯ ಕೇಳಬೇಕಿತ್ತು. ನಮ್ಮ ಮೇಜಿನ ಮೇಲೆ ಕೆಂಪು, ಹಳದಿ, ಹಸಿರು ಎಂದು ಮೂರು ಗುಂಡಿಗಳಿವೆ. ಕರೆ ಮಾಡಿದವರು ಎಷ್ಟು ಗಾಬರಿಯಾಗಿದ್ದಾರೆಂದು ದನಿಯಿಂದಲೇ ಅಂದಾಜು ಮಾಡಿ ಹತ್ತು ನಿಮಿಷಕ್ಕೊಮ್ಮೆ ಒತ್ತುತ್ತಿರಬೇಕು. ಕಂಪನಿಗೆ ಇರುವುದು ಎರಡೇ ಗಾಡಿ. ಮೆಕ್ಯಾನಿಕ್ಕುಗಳು ಮೊದಲು ಕೆಂಪಿಗೆ ಹೋಗುತ್ತಾರೆ, ಹಸಿರಿಗೆ ಕೊನೆಗೆ. ಕೆಂಪು ಕರೆ ಮಾತ್ರ ರೆಕಾರ್ಡ್ ಆಗುತ್ತದೆ, ಏಕೆಂದರೆ ಆಮೇಲೆ ಜಗಳಕ್ಕೆ ಬರುವವರು ಅವರೇ.

ಮೊನ್ನೆ ಒಬ್ಬ ತಾಯಿ, ಎರಡು ಮಕ್ಕಳು ಸಿಕ್ಕಿಕೊಂಡಿದ್ದರು. ನಾನು ಎಷ್ಟು ಚೆನ್ನಾಗಿ ಸಮಾಧಾನ ಮಾಡಿದೆನೆಂದರೆ ಮೂರೂ ಜನ ಹಾಡು ಹೇಳತೊಡಗಿದರು. ಹಸಿರು ಒತ್ತಿದೆ. ಅವರಿಗಿಂತ ಎಷ್ಟೋ ಹೊತ್ತಿನ ಮೇಲೆ ಸಿಕ್ಕಿಕೊಂಡು ಬಾಗಿಲಿಗೆ ಒದೆಯುತ್ತಿದ್ದ ಆಫೀಸಿನವನೊಬ್ಬ ಅವರಿಗಿಂತ ಮೊದಲೇ ಹೊರಗೆ ಬಂದ. ದೊಡ್ಡಕ್ಕನನ್ನು ಕೇಳಿದರೆ, “ಕೂಗೋರ ಹತ್ರ ಮೊದಲು ಓಡಬೇಕಮ್ಮ, ಇಲ್ಲಾಂದ್ರೆ ನಮ್ಮ ತಲೆದಂಡ. ಸುಮ್ಮನಿರೋರು ಕಾಯ್ತಾರೆ ಬಿಡು” ಎಂದರು.

ಮೇಡಂ, ನಾನು ಚೆನ್ನಾಗಿ ಕೆಲಸ ಮಾಡಿದಷ್ಟೂ ನನ್ನವರು ಹೆಚ್ಚು ಹೊತ್ತು ಒಳಗೇ ಇರುತ್ತಾರೆ. ಇದು ಸರಿಯಾ? ಮ್ಯಾನೇಜರಿಗೆ ಹೇಳಲಾ? ನೀವು ಹೇಳಿದಂತೆ ಮಾಡುತ್ತೇನೆ.

ನಿಮ್ಮ
ಪಿಸುಮಾತು


ಜುಲೈ 4

ಪ್ರೀತಿಯ ಪಿಸುಮಾತು,

ತಡವಾಯಿತು. ಹೋಟೆಲಿನವನು ಎರಡನೇ ಸಲ ಓಡಿಹೋಗಿ, ಅವನನ್ನು ಹುಡುಕಿ, ಅವನಪ್ಪನನ್ನು ಕರೆಸಿ, ಅಬ್ಬಾ ಸಾಕಪ್ಪಾ ಸಾಕು! ನಿನ್ನ ಕಾಗದ ಒಂದು ವಾರ ಚೀಲದಲ್ಲೇ ಇತ್ತು. ನೀನಾದರೆ ತೊಂದರೆಯಿಲ್ಲವಲ್ಲ ಎಂಬ ಧೈರ್ಯ.

ನಿನ್ನ ಪ್ರಶ್ನೆ ಬಹಳ ಒಳ್ಳೆಯದು. ಕೊನೆಯ ವರದಿಯಲ್ಲಿ ಅದನ್ನೇ ಒಂದು ಅಧ್ಯಾಯ ಮಾಡು. ಮ್ಯಾನೇಜರಿಗೆ ಈಗಲೇ ಹೇಳಲು ಹೋಗಬೇಡ. ಬಂದು ತಿಂಗಳಾಗಿದೆ ಅಷ್ಟೆ, ಆಗಲೇ ಅವರ ವ್ಯವಸ್ಥೆ ತಿದ್ದಲು ಹೋದರೆ ಅಧಿಕಪ್ರಸಂಗವಾಗುತ್ತದೆ. ಮೊದಲು ಗಮನಿಸು, ಬರೆದಿಟ್ಟುಕೋ.

ಇನ್ನೊಂದು ಸಂತೋಷದ ಸುದ್ದಿ. ನಿನ್ನ ಎರಡು ಕಾಗದಗಳನ್ನು ಪ್ರಿನ್ಸಿಪಾಲರಿಗೆ ಓದಿ ಹೇಳಿದೆ. ನಿಮ್ಮ ಮ್ಯಾನೇಜರಿಂದಲೂ ಪತ್ರ ಬಂದಿದೆ, ಮುಂದಿನ ವರ್ಷ ನಮ್ಮಿಂದ ಹತ್ತು ಜನರನ್ನು ತೆಗೆದುಕೊಳ್ಳುತ್ತಾರಂತೆ. ಎಲ್ಲ ನಿನ್ನಿಂದ. ಭೇಷ್!

ನಿನ್ನ ಮೇಡಂ


ಜುಲೈ 15

ಪ್ರೀತಿಯ ಮೇಡಂ,

ನೀವು ಹೇಳಿದಂತೆ ಗಮನಿಸುತ್ತಿದ್ದೇನೆ, ಬರೆದಿಟ್ಟುಕೊಳ್ಳುತ್ತಿದ್ದೇನೆ. ಕೆಲಸ ನಡೆಯುತ್ತಿದೆ. ಕಳೆದ ವಾರ ಒಂದು ಲಿಫ್ಟು ಒಂದು ಗಂಟೆಗೂ ಮೇಲೆ ನಿಂತಿತ್ತು. ಒಳಗಿದ್ದವರು ವಯಸ್ಸಾದವರು, ಕೋಟು ಹೊಲಿಯುವ ದರ್ಜಿ. ಕರೆ ತೆಗೆದುಕೊಂಡವಳು ನಾನು. ಅವರು ಈಗ ಆಸ್ಪತ್ರೆಯಲ್ಲಿದ್ದಾರೆ. ಇಂಥ ಕೆಲಸದಲ್ಲಿ ಇದೆಲ್ಲ ಆಗುತ್ತಿರುತ್ತದೆ ಎಂದು ಮ್ಯಾನೇಜರು ತಿಳಿಸಿ ಹೇಳಿದರು. ನನ್ನ ಭಾವನೆಗಳನ್ನು ನಾನು ಗುರುತಿಸಿಕೊಂಡಿದ್ದೇನೆ, ಅವುಗಳಿಂದ ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಂಡಿದ್ದೇನೆ.

ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ.

ಪಿಸುಮಾತು


ಜುಲೈ 23

ಪ್ರೀತಿಯ ಪಿಸುಮಾತು,

ಚಿಕ್ಕ ಕಾಗದವಾದರೂ ಎಷ್ಟು ಹದವಾಗಿದೆ! ಹಿಂದಿನದರಲ್ಲಿ ಸ್ವಲ್ಪ ಚಡಪಡಿಕೆ ಕಾಣುತ್ತಿತ್ತು, ಈಗ ನಿನಗೆ ನೆಲೆ ಸಿಕ್ಕಿದೆ. ‘ನನ್ನ ಭಾವನೆಗಳನ್ನು ನಾನು ಗುರುತಿಸಿಕೊಂಡಿದ್ದೇನೆ’ ಎಂಬ ಸಾಲನ್ನು ಉಳಿದ ಇಪ್ಪತ್ತೊಂಬತ್ತು ಮಂದಿಗೂ ಓದಿ ಹೇಳಬೇಕೆನಿಸಿತು. ಆ ವಯಸ್ಸಾದವರಿಗೆ ಗುಣವಾಗಲಿ. ನಿನ್ನಂಥವಳು ಆ ಹೊತ್ತಿನಲ್ಲಿ ಜೊತೆಗಿದ್ದದ್ದು ಅವರ ಪುಣ್ಯ.

ಮಧ್ಯಂತರ ಅಂಕ ಹಾಕಿದ್ದೇನೆ. ನಲವತ್ತಕ್ಕೆ ಮೂವತ್ತೇಳು. ನಾನು ಯಾರಿಗೂ ಮೂವತ್ತು ದಾಟಿಸಿದವಳಲ್ಲ!

ನಿನ್ನ ಮೇಡಂ


ಜುಲೈ 29

ಮೇಡಂ,

ಆ ಮೂವತ್ತೇಳನ್ನು ವಾಪಸ್ ತೆಗೆದುಕೊಳ್ಳಿ. ನನಗೆ ಬೇಡ.

ಆ ಕಾಗದವನ್ನು ನಾನು ನಾಲ್ಕು ಸಲ ಹರಿದು ಬರೆದೆ. ಮೊದಲು ಬರೆದದ್ದರಲ್ಲಿ ಎಲ್ಲ ಇತ್ತು. ಆಮೇಲೆ, ಇದನ್ನು ಓದಿದರೆ ಮೇಡಂ ಏನಂದುಕೊಳ್ಳುತ್ತಾರೆ, ಹಿಡಿತ ತಪ್ಪಿದ್ದಾಳೆ ಅಂದುಕೊಳ್ಳುತ್ತಾರೆ, ಭಾಬು ಕಾಲಮ್ಮಿನಲ್ಲಿ ಹನ್ನೆರಡು ಹಾಕುತ್ತಾರೆ ಎಂದು ಹೆದರಿ, ಒಂದೊಂದೇ ಸಾಲು ತೆಗೆಯುತ್ತಾ ಹೋದೆ. ಉಳಿದದ್ದು ನಿಮಗೆ ಹದವಾಗಿ ಕಂಡಿತು. ಆಸ್ಪತ್ರೆ ಎಂದು ಬರೆದಿದ್ದೆನಲ್ಲ ಮೇಡಂ, ಏನಾಯಿತು ಎಂದಾದರೂ ಕೇಳಬಾರದಿತ್ತೇ?

ಈಗ ಪೂರ್ತಿ ಹೇಳುತ್ತೇನೆ. ಆ ಸಂಜೆ ಎರಡು ಕಡೆ ಕೆಂಪು ಹತ್ತಿ ಎರಡೂ ಗಾಡಿ ಹೊರಗಿದ್ದವು. ಅದರಲ್ಲೊಬ್ಬ ಮೀಟಿಂಗಿಗೆ ಹೊತ್ತಾಯಿತೆಂದು ನಮ್ಮ ವಂಶವನ್ನೆಲ್ಲ ಜಾಲಾಡುತ್ತಿದ್ದ. ಆ ಹೊತ್ತಿಗೆ ಈ ದರ್ಜಿಯ ಕರೆ ಬಂತು. “ಗಾಬರಿ ಏನಿಲ್ಲಮ್ಮಾ. ಕೋಟು ಕೊಟ್ಟು ಹೋಗೋಣ ಅಂತ ಬಂದಿದ್ದೆ. ನಾಳೆ ಬೆಳಿಗ್ಗೆ ಇಂಟರ್ವ್ಯೂ ಇರೋ ಹುಡುಗಂದು. ನೆಲದ ಮೇಲಿಟ್ರೆ ಸುಕ್ಕಾಗುತ್ತೆ, ಕೈಯಲ್ಲೇ ಹಿಡ್ಕೊಂಡಿದೀನಿ” ಎಂದರು. ಹಸಿರು ಒತ್ತಿದೆ. ಅವರು ಕೋಟಿನ ಕಾಲರು ಹೇಗೆ ಕೂರಿಸಬೇಕೆಂದು ಹೇಳಿದರು, ನನಗೊಂದು ಹೊಲಿದುಕೊಡುತ್ತೇನೆ ಎಂದರು. ನಗುತ್ತಿದ್ದೆವು ಮೇಡಂ, ಇಬ್ಬರೂ.

ಆಮೇಲೆ ಅವರು, “ಬಲಗೈ ಯಾಕೋ ಜೋಮು ಹಿಡಿದ ಹಾಗಿದೆಯಲ್ಲ ತಾಯಿ” ಎಂದರು.

ನಾನು ಏನೆಂದೆ ಗೊತ್ತಾ? “ಕೋಟು ಹಿಡಿದೂ ಹಿಡಿದೂ ಇರಬೇಕು ಅಂಕಲ್, ಕೈ ಬದಲಾಯಿಸಿ” ಎಂದೆ. ಅವರು ಅನುಮಾನದಿಂದಲೇ, “ಹೌದೇನೋ ಹಾಗಾದ್ರೆ” ಎಂದರು. ಅವರು ಹೇಳಿದರು, ನಾನು ಸಮಾಧಾನ ಮಾಡಿದೆ. ಮತ್ತೆ ಹಸಿರು ಒತ್ತಿದೆ. ಸ್ವಲ್ಪ ಹೊತ್ತಿಗೆ ಮಾತು ನಿಧಾನವಾಯಿತು, ಉಸಿರು ಉದ್ದವಾಯಿತು. ನಮ್ಮ ತರಬೇತಿಯಲ್ಲಿ ಕಲಿಸಿದ್ದು ಅದೇ: ಮಾತು ನಿಧಾನವಾಗಿ ಉಸಿರು ಉದ್ದವಾದರೆ ಮನಸ್ಸು ಶಾಂತವಾಗುತ್ತಿದೆ ಎಂದರ್ಥ. ಪೂರ್ತಿ ಮಾತು ನಿಂತಾಗ ನಾನು, “ಹಾಗೇ ವಿಶ್ರಾಂತಿ ತಗೊಳ್ಳಿ, ನಾನಿಲ್ಲೇ ಇದೀನಿ” ಎಂದೆ. ಇನ್ನೊಂದು ಸಲ ಹಸಿರು. ಒಬ್ಬ ಮನುಷ್ಯನಿಗೆ ಪಾರ್ಶ್ವವಾಯು ಹೊಡೆಯುತ್ತಿತ್ತು, ನಾನು ಜೋಗುಳ ಹಾಡುತ್ತಿದ್ದೆ.

ಜೀವ ಉಳಿದಿದೆ. ಬಲಭಾಗ ಬಿದ್ದುಹೋಗಿದೆ, ಮಾತು ಹೋಗಿದೆ. ಒಂದು ಗಂಟೆ ಮೊದಲು ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಅವರ ಮಗಳು ನಮ್ಮ ರೂಮಿಗೆ ದಿನಾ ಫೋನ್ ಮಾಡುತ್ತಾರೆ. ಕೇಳುವುದು ಒಂದೇ ಮಾತು: “ನಮ್ಮಪ್ಪ ಒಳಗಿದ್ದಾಗ ಏನಾದ್ರೂ ಹೇಳಿದ್ರಾ?” ಹಸಿರು ಕರೆ, ರೆಕಾರ್ಡ್ ಇಲ್ಲ. ದರ್ಜಿಗೆ ಮಾತು ಬರುವುದಿಲ್ಲ, ಬರೆಯಲೂ ಆಗುವುದಿಲ್ಲ. ಅವರೇನು ಹೇಳಿದರೆಂದು ಗೊತ್ತಿರುವುದು ಈ ಲೋಕದಲ್ಲಿ ನನಗೊಬ್ಬಳಿಗೆ. ಎರಡು ಸಲ ಆ ಫೋನು ನಾನೇ ಎತ್ತಿದೆ. “ನಮ್ಮ ಪ್ರಕಾರ ಅವರು ಆರಾಮಾಗಿದ್ರು, ಯಾವ ತೊಂದರೆನೂ ಹೇಳಲಿಲ್ಲ” ಎಂದು ಹೇಳಬೇಕೆಂದು ಮ್ಯಾನೇಜರ ಆಜ್ಞೆ. ಹೇಳಿದೆ. ಇದೇ ತಂಪು ದನಿಯಲ್ಲಿ. ಅವರು ಥ್ಯಾಂಕ್ಸ್ ಎಂದರು ಮೇಡಂ. ನನಗೆ ಥ್ಯಾಂಕ್ಸ್ ಎಂದರು!

ಮಗಳು ಪರಿಹಾರ ಕೇಳಿದ್ದಾರೆ, ವಿಚಾರಣೆ ನಡೆಯಲಿದೆ; ಅದಕ್ಕಾಗಿ ಆಗಸ್ಟ್ ಹನ್ನೊಂದಕ್ಕೆ ನಾನು ಅದನ್ನೇ ಬರೆದು ಸಹಿ ಹಾಕಬೇಕಂತೆ. ಹಾಕಿದರೆ ಇಂಟರ್ನ್‌ಶಿಪ್ ಸರ್ಟಿಫಿಕೇಟು, ಕೆಲಸ. ಹಾಕದಿದ್ದರೆ ಎರಡೂ ಇಲ್ಲ, ಈ ವರ್ಷದ ಡಿಗ್ರಿಯೂ ಇಲ್ಲ. ಮ್ಯಾನೇಜರು ಗದರಲಿಲ್ಲ. ಚಹಾ ತರಿಸಿಕೊಟ್ಟು, ಮಗಳೇ ಎಂದು ಕರೆದು ಹೇಳಿದರು. ನಾನು ಏನು ಮಾಡಲಿ? ದಯವಿಟ್ಟು ಅಧ್ಯಾಯ ಬರಿ ಅನ್ನಬೇಡಿ.


ಆಗಸ್ಟ್ 3

ನನ್ನ ಮಗುವೇ,

ಕಾಗದ ಓದಿದ ತಕ್ಷಣ ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಮೊದಲು ಒಂದು ಕಡೆ ಕೂತು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಎಳೆದು ಬಿಡು. ನೀನು ಒಂಟಿಯಲ್ಲ.

ಈಗ ಸಮಾಧಾನದಿಂದ ಯೋಚಿಸೋಣ. ನೀನು ಡಾಕ್ಟರಲ್ಲ. ಜೋಮು ಎಲ್ಲರಿಗೂ ಹಿಡಿಯುತ್ತದೆ. ಅವರೇ ಅದನ್ನು ತೊಂದರೆ ಎಂದು ಕರೆಯಲಿಲ್ಲವಲ್ಲ? ‘ತೊಂದರೆ ಹೇಳಲಿಲ್ಲ’ ಎಂದು ಬರೆದರೆ ಅದು ಪೂರಾ ಸುಳ್ಳು ಎನ್ನಲಾಗುವುದಿಲ್ಲ. ನೀನು ಏನು ಬರೆದರೂ ಅವರ ಕೈ ವಾಪಸ್ ಬರುವುದಿಲ್ಲ, ನಿನ್ನ ಒಂದು ವರ್ಷ ಮಾತ್ರ ಹೋಗುತ್ತದೆ. ನಿನ್ನ ಅಮ್ಮನ ಮುಖ ನೆನಪಿಸಿಕೋ. ಕಾಲೇಜಿನ ಮಾತೂ ಇದೆ. ನಿನ್ನ ಹಿಂದೆ ಬರುವ ಹತ್ತು ಮಕ್ಕಳಿದ್ದಾರೆ. ಪ್ರಿನ್ಸಿಪಾಲರೂ ಇದನ್ನು ನಾಜೂಕಾಗಿ ಮುಗಿಸಬೇಕೆಂದು ಹೇಳುತ್ತಿದ್ದಾರೆ.

ದುಡುಕಬೇಡ. ನಿನ್ನ ಹಿಡಿತ ನಿನ್ನ ಕೈಯಲ್ಲಿರಲಿ. ಅದೇ ನಿನ್ನ ಶಕ್ತಿ.

ನಿನ್ನ ಮೇಡಂ


ಆಗಸ್ಟ್ 6

ಮಾನ್ಯರೇ,

ತಮ್ಮ ಕಾಗದ ತಲುಪಿತು. ತಾವು ಹೇಳಿದಂತೆ ಕೂತು ಉಸಿರು ಎಳೆದು ಬಿಟ್ಟೆ.

ತಮ್ಮ ದನಿ ತುಂಬಾ ಚೆನ್ನಾಗಿದೆ. ನಮ್ಮ ರೂಮಿನಲ್ಲಿದ್ದಿದ್ದರೆ ಬೋರ್ಡಿನ ಮೇಲೆ ತಮ್ಮನ್ನೇ ಹಾಕುತ್ತಿದ್ದರು. ನಾನು ಜೂನ್‌ನಲ್ಲಿ ಕೇಳಿದೆ, ಅಧ್ಯಾಯ ಮಾಡು ಎಂದಿರಿ. ಜುಲೈನಲ್ಲಿ ಆಸ್ಪತ್ರೆ ಎಂದೆ, ಅಂಕ ಕೊಟ್ಟಿರಿ. ಹೋಟೆಲಿನವನ ಹತ್ತಿರ ಎರಡು ಸಲ ಓಡಿದಿರಿ. ನನಗೂ ತಾವು ಹಸಿರು ಗುಂಡಿಯನ್ನೇ ಒತ್ತುತ್ತಾ ಬಂದಿದ್ದೀರಿ ಮೇಡಂ. ಈ ಸಲವೂ.

ಇನ್ನು ಬರೆಯುವುದಿಲ್ಲ. ಭಾಬು ಕಾಲಮ್ಮಿಗೆ ಸೊನ್ನೆ ಹಾಕಿಕೊಳ್ಳಿ.

ಕೊನೆಯ ವರ್ಷ ಮನಶ್ಶಾಸ್ತ್ರ, ಕ್ರಮಸಂಖ್ಯೆ 19


ಆಗಸ್ಟ್ 9, ಕೊರಿಯರ್ ಮೂಲಕ

ಪಿಸುಮಾತು,

ಸಹಿ ಹಾಕಬೇಡ.

ಮೂರನೇ ತಾರೀಖಿನ ನನ್ನ ಕಾಗದ ಹರಿದು ಹಾಕು. ಅದರಲ್ಲಿ ಒಂದು ಮಾತು ಬಚ್ಚಿಟ್ಟಿದ್ದೆ. ನನ್ನದು ಪರ್ಮನೆಂಟ್ ಕೆಲಸವಲ್ಲ, ವರ್ಷ ವರ್ಷ ಮುಂದುವರಿಸುತ್ತಾರೆ. ನಿಮ್ಮ ಕಂಪನಿಯ ಆ ಹತ್ತು ಸೀಟಿನ ಮೇಲೆ ನನ್ನ ಮುಂದಿನ ವರ್ಷ ನಿಂತಿತ್ತು. ನಿನ್ನ ಅಮ್ಮನ ಮುಖ ನೆನಪಿಸಿಕೋ ಎಂದು ಬರೆದೆನಲ್ಲ, ನನ್ನ ಕಣ್ಣ ಮುಂದೆ ಇದ್ದದ್ದು ನನ್ನದೇ ಮುಖ. ನಿನ್ನ ಆರನೇ ತಾರೀಖಿನ ಕಾಗದ ಓದಿ ಮೊದಲು ನಖಶಿಖಾಂತ ಉರಿದುಹೋಯಿತು. ಎಷ್ಟು ಧೈರ್ಯ ಇವಳಿಗೆ ಎಂದು ಮನೆಯೆಲ್ಲ ಓಡಾಡಿದೆ. ಆಮೇಲೆ ಕೂತು ನಿನ್ನ ಕಾಗದಗಳನ್ನೆಲ್ಲ ಮೊದಲಿನಿಂದ ಓದಿದೆ. ನೀನು ಹೇಳಿದ್ದು ಅಕ್ಷರಶಃ ನಿಜ.

ನಿನ್ನೆ ಪ್ರಿನ್ಸಿಪಾಲರ ಬಳಿ ಹೋಗಿ, ನಮ್ಮ ಹುಡುಗಿಯಿಂದ ಸುಳ್ಳು ಬರೆಸಿಕೊಂಡು ಬರುವ ಸೀಟುಗಳು ನಮಗೆ ಬೇಡ ಎಂದೆ. ಅವರು, “ನಿಮ್ಮ ಭಾವನೆಗಳನ್ನ ಸ್ವಲ್ಪ ಹಿಡಿತದಲ್ಲಿಟ್ಕೊಳ್ಳಿ ಮೇಡಂ” ಎಂದರು. ನನ್ನ ಜೀವನದಲ್ಲಿ ಅಷ್ಟು ಜೋರಾಗಿ ಯಾವತ್ತೂ ಕೂಗಾಡಿರಲಿಲ್ಲ. ಪಕ್ಕದ ಕ್ಲಾಸಿನ ಪಾಠ ನಿಂತುಹೋಯಿತಂತೆ!

ಕಂಪನಿಯ ಸರ್ಟಿಫಿಕೇಟು ಇಲ್ಲದೆಯೂ ನಿನ್ನ ಇಂಟರ್ನ್‌ಶಿಪ್ ಪೂರ್ಣವೆಂದು ನಾನು ಬರೆಯುತ್ತೇನೆ. ಕಾಲೇಜು ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ನಿನಗೆ ಸುಳ್ಳು ಭರವಸೆ ಕೊಡುವುದಿಲ್ಲ, ವರ್ಷ ಹೋದರೂ ಹೋಗಬಹುದು. ಆ ದರ್ಜಿಯ ಮನೆಗೆ ನೀನು ಹೋಗಿಯೇ ಹೋಗುತ್ತೀಯ ಎಂದು ನನಗೆ ಗೊತ್ತು. ಹದಿನಾಲ್ಕರ ಬೆಳಿಗ್ಗೆ ನಾನು ಅಲ್ಲಿರುತ್ತೇನೆ. ಜೊತೆಗೇ ಹೋಗೋಣ.

ಮೇಡಂ


ಆಗಸ್ಟ್ 12

ಪ್ರೀತಿಯ ಮೇಡಂ,

ನೀವು ಬರುವವರೆಗೂ ಕಾಯಲಾಗಲಿಲ್ಲ. ಇವತ್ತು ಮಧ್ಯಾಹ್ನ ಹೋಗಿಬಂದೆ. ಎದುರಿಗೆ ಕೂತು ಹೇಳಲು ನನ್ನಿಂದಾಗದು, ಅದಕ್ಕೇ ಬರೆದಿಡುತ್ತಿದ್ದೇನೆ. ಬಂದ ತಕ್ಷಣ ನಿಮ್ಮ ಕೈಗೆ ಕೊಡುತ್ತೇನೆ, ಓದಿಯಾದ ಮೇಲೆ ಮಾತಾಡೋಣ.

ಸಹಿ ಹಾಕುವುದಿಲ್ಲ ಎಂದು ನಿನ್ನೆ ಹೇಳಿದೆ. ಮ್ಯಾನೇಜರು ಆಗಲೂ ಗದರಲಿಲ್ಲ. ಗುರುತಿನ ಚೀಟಿ ಕೇಳಿದರು, ಕೊಟ್ಟೆ. ಚೀಲ ತೆಗೆದುಕೊಳ್ಳಲು ರೂಮಿಗೆ ಹೋದರೆ ದೊಡ್ಡಕ್ಕ ತಲೆ ಎತ್ತದೆ, “ಆ ದರ್ಜಿ ಮನೆ ವಿಳಾಸ ನನ್ನ ಕೇಳಬೇಡ, ನಾನಂತೂ ಕೊಡಲ್ಲ. ಕೆಲಸ ಕಳ್ಕೊಳ್ಳೋ ವಯಸ್ಸಲ್ಲ ನಂದು” ಎಂದು ಗೊಣಗಿದರು. ಆಮೇಲೆ ಅದೇ ಉಸಿರಿನಲ್ಲಿ, “ಹಳೇ ಸೇತುವೆ ದಾಟಿದ್ರೆ ಎಡಕ್ಕೆ ಹಾಲಿನ ಅಂಗಡಿ. ಅದರ ಮೇಲಿನ ಮನೆ” ಎಂದರು.

ಮೆಟ್ಟಿಲು ಹತ್ತುವಾಗಲೇ ಒಳಗಿನ ಮಾತು ಕೇಳುತ್ತಿತ್ತು. ಮಗಳು ಬೈಯುತ್ತಿದ್ದರು. “ಒಂದು ಮಾತು ಹೇಳೋಕೆ ಏನಾಗಿತ್ತಪ್ಪಾ ನಿಮಗೆ? ಜೀವಮಾನ ಪೂರ್ತಿ ಹೀಗೇ. ಜ್ವರ ಬಂದ್ರೂ ಹೇಳಲ್ಲ, ಹಲ್ಲು ನೋವಿದ್ರೂ ಹೇಳಲ್ಲ. ಬೇರೆಯವರಿಗೆ ತೊಂದರೆ ಆಗಬಾರದು, ಅಷ್ಟೇ ಅಲ್ವಾ? ಲಿಫ್ಟಲ್ಲೂ ನಗ್ತಾ ಕೂತ್ರಂತೆ! ಈಗ ನೋಡಿ, ಯಾರಿಗೆ ತೊಂದರೆ ಆಯ್ತು?” ಬೈಯುತ್ತಾ ಬೈಯುತ್ತಾ ಅಳುತ್ತಿದ್ದರು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಅವರು ಆರಾಮಾಗಿದ್ದರು, ಏನೂ ಹೇಳಲಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದೆನಲ್ಲ, ಆ ಮಾತು ಈ ಮನೆಗೆ ಬಂದು ಏನು ಮಾಡುತ್ತಿದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಪರಿಹಾರ, ವಿಚಾರಣೆ, ನನ್ನ ಡಿಗ್ರಿ, ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಬಾಗಿಲು ತೆರೆದೇ ಇತ್ತು. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟಿದ್ದರು. ದರ್ಜಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ, ಮಗಳು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ಆ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ ಮೇಡಂ. ಏನೋ ಹೇಳಬೇಕು, ಆಗುತ್ತಿಲ್ಲ, ತಿಂಗಳಿಂದ ಬೈಸಿಕೊಳ್ಳುತ್ತಿದ್ದಾರೆ.

ನಾನು ಯಾರೆಂದು ಹೇಳಿದೆ. ಆಮೇಲೆ ನಿಲ್ಲಿಸದೆ ಎಲ್ಲ ಹೇಳಿಬಿಟ್ಟೆ. “ನಿಮ್ಮಪ್ಪ ಹೇಳಿದ್ರು. ಬಲಗೈ ಜೋಮು ಹಿಡಿದಿದೆ ಅಂತ ನನಗೆ ಹೇಳಿದ್ರು. ಕೋಟು ಹಿಡಿದಿದ್ದಕ್ಕೆ ಅಂತ ನಾನೇ ಹೇಳಿ ಸುಮ್ಮನಾಗಿಸಿದೆ. ಅವರ ಹತ್ರ ಗಾಡಿ ಕೊನೆಗೆ ಕಳಿಸೋ ಗುಂಡಿ ಒತ್ತಿದ್ದೂ ನಾನೇ. ನಿಮಗೆ ಫೋನಲ್ಲಿ ಸುಳ್ಳು ಹೇಳಿದ್ದೂ ನಾನೇ. ವಿಚಾರಣೆ ಯಾವತ್ತು ಇದ್ದರೂ ಬಂದು ಹೀಗೇ ಹೇಳ್ತೀನಿ” ಎಂದೆ.

ಚಮಚ ಬಟ್ಟಲಿಗೆ ಬಿತ್ತು. ಮಗಳು ನನ್ನನ್ನು ನೋಡಲೇ ಇಲ್ಲ. ಅಪ್ಪನ ಕಡೆ ತಿರುಗಿ, “ಹೇಳಿದ್ರಾ ಅಪ್ಪಾ? ನೀವು ಹೇಳಿದ್ರಾ?” ಎಂದು ಕೇಳಿದರು.

ದರ್ಜಿ ಎಡಗೈ ಎತ್ತಿ ಕುರ್ಚಿಯ ಕೈ ಮೇಲೆ ಫಟ್ ಎಂದು ಹೊಡೆದರು. ಮತ್ತೆ ಹೊಡೆದರು. ಮತ್ತೆ ಮತ್ತೆ. ಬಾಯಿಂದ ಮಾತಲ್ಲದ ಏನೋ ದೊಡ್ಡ ದನಿ ಬಂತು, ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಲಿಫ್ಟಿನಲ್ಲಿ ಅಷ್ಟು ಮೆತ್ತಗೆ ಮಾತಾಡಿದ ಮನುಷ್ಯ ಇವರೇನಾ ಎನಿಸಿತು. ಮಗಳು ಅವರ ಕಾಲ ಬಳಿ ಕುಸಿದು, “ನನ್ನ ಕ್ಷಮಿಸಿಬಿಡಿ ಅಪ್ಪಾ, ನನಗೆ ಗೊತ್ತಿರಲಿಲ್ಲ, ಗೊತ್ತಿರಲಿಲ್ಲ” ಎಂದು ಅವರ ಮೊಣಕಾಲಿಗೆ ಹಣೆಯಿಟ್ಟರು. ಹೊಡೆಯುತ್ತಿದ್ದ ಕೈಯನ್ನು ಅವರು ಮಗಳ ತಲೆಯ ಮೇಲಿಟ್ಟರು.

ಎಷ್ಟೋ ಹೊತ್ತಾದ ಮೇಲೆ ಮಗಳು ಎದ್ದು ನನ್ನ ಕಡೆ ತಿರುಗಿದರು. “ಈ ದನಿ ನನಗೆ ಗೊತ್ತು. ನಾನು ಥ್ಯಾಂಕ್ಸ್ ಹೇಳಿದ್ದು ನಿಮಗೇ” ಎಂದರು. ಆಮೇಲೆ ಶುರುವಾಯಿತು. ನನ್ನನ್ನು, ನನ್ನ ಓದನ್ನು, ಇಂಥ ದನಿ ಕೊಟ್ಟ ದೇವರನ್ನು, ಯಾರನ್ನೂ ಬಿಡಲಿಲ್ಲ. ಕೆಳಗೆ ಹಾಲಿನ ಅಂಗಡಿಯವರು ಹೊರಗೆ ಬಂದು ಮೇಲೆ ನೋಡುತ್ತಿದ್ದರು. ಮಗಳ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತಿದೆ, ಯಾವ ಮಾತು ಹೇಳಿದರೆ ಕೂಗು ಇಳಿಯುತ್ತದೆ, ಎಷ್ಟು ಮೆತ್ತಗೆ ಹೇಳಬೇಕು, ಎಲ್ಲ ನನಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಮಾತು ನಾಲಗೆಯ ತುದಿಗೆ ಬಂದೂ ಬಿಟ್ಟಿತ್ತು.

ಹೇಳಲಿಲ್ಲ ಮೇಡಂ. ಅವರು ಕೂಗಿ ಮುಗಿಸುವವರೆಗೂ ಬಾಯಿ ಮುಚ್ಚಿಕೊಂಡು ಅವರ ಮುಂದೆಯೇ ನಿಂತಿದ್ದೆ.

ಪಿಸುಮಾತು